ಲೋಡ್ ಅಂದರೆ ಎಷ್ಟು, ಹಬ್ಬ ಕಳೆದು ಅಂದರೆ ಯಾವಾಗ?

"ಜಲ್ಲಿ ಒಂದ್ ಲೋಡ್ ಬೇಕಿತ್ತ್. ನಾಳೆ ಬೆಳಿಗ್ಗೆ ಕಳ್ಸಿ, ಅಕಾ?"

ವಾಟ್ಸಾಪಿನಲ್ಲಿ ಬರುವ ಇಂಥ ಒಂದು ಸಾಲಿಗೆ ಸರಿಯಾದ ಮಾಲು ಕಳುಹಿಸಬೇಕಾದರೆ ಜಲ್ಲಿ ಮಾರುವವರು ಮೂರ್ನಾಲ್ಕು ಸಲ ಫೋನ್ ಮಾಡಬೇಕು. ಅಡಿಪಾಯಕ್ಕೆ ಹಾಕುವ 40 ಎಂಎಂ ಜಲ್ಲಿಯೋ, ಸ್ಲ್ಯಾಬಿಗೆ ಬೇಕಾದ 20 ಎಂಎಂ ಜಲ್ಲಿಯೋ? ಲೋಡ್ ಅಂದರೆ ಸಣ್ಣ ಟಿಪ್ಪರಿನದೋ, ದೊಡ್ಡದರದ್ದೋ? ಟಿಪ್ಪರ್ ಒಳಗೆ ಹೋಗುವಷ್ಟು ದಾರಿ ಇದೆಯೋ, ರಸ್ತೆ ಬದಿಗೆ ಸುರಿಯಬೇಕೋ? ಹಣ ಸ್ಥಳದಲ್ಲೇ ಸಿಗುತ್ತದೋ, ಬೊಂಬಾಯಿಯಲ್ಲಿರುವ ಯಜಮಾನರು ಕಳುಹಿಸಬೇಕೋ? ಫೋನ್ ಎತ್ತಲಿಲ್ಲ ಎಂದರೆ ಚಾಲಕ ತನಗೆ ತೋಚಿದ್ದನ್ನು ಮಾಡುತ್ತಾನೆ. ಸಂಜೆ ಜಗಳ.

ಅದೇ ಸಂದೇಶವನ್ನು ಹೀಗೆ ಬರೆಯಬಹುದಿತ್ತು: "20 ಎಂಎಂ ಜಲ್ಲಿ 2 ಯೂನಿಟ್ ಬೇಕು. ನಾಳೆ, ಗುರುವಾರ, ಬೆಳಿಗ್ಗೆ 9ರ ಒಳಗೆ. ಉಪ್ಪುಂದ, ಶಾಲೆ ಹಿಂದಿನ ರಸ್ತೆ. ದೊಡ್ಡ ಟಿಪ್ಪರ್ ಒಳಗೆ ಬರುವುದಿಲ್ಲ. ಇಳಿಸಿದ ಕೂಡಲೇ ಗೂಗಲ್ ಪೇ ಮಾಡುತ್ತೇನೆ. ದರ ಎಷ್ಟು ಎಂದು ಈಗಲೇ ತಿಳಿಸಿ." ಬರೆಯಲು ಒಂದು ನಿಮಿಷ ಹೆಚ್ಚು ಬೇಕು. ಉಳಿಯುವುದು ಅರ್ಧ ದಿನ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ವ್ಯಾಪಾರ ಬಹುಕಾಲ ಬಾಯಿಮಾತಿನ ಮೇಲೆಯೇ ನಡೆದದ್ದು. ಹಂಚಿನ ಕಾರ್ಖಾನೆ, ಅಕ್ಕಿ ಮಿಲ್ಲು, ಗೇರುಬೀಜದ ಕಾರ್ಖಾನೆ, ಗಂಗೊಳ್ಳಿ ಬಂದರಿನ ಮೀನಿನ ಹರಾಜು, ಎಲ್ಲ ಕಡೆಯೂ ಕೊಡುವವರಿಗೆ ತೆಗೆದುಕೊಳ್ಳುವವರ ಮನೆ, ತಂದೆ, ಗದ್ದೆ ಎಲ್ಲವೂ ಗೊತ್ತಿತ್ತು. ಹೇಳದೆ ಬಿಟ್ಟದ್ದನ್ನು ಪರಿಚಯವೇ ತುಂಬಿಕೊಡುತ್ತಿತ್ತು. ಈಗ ಬೈಂದೂರಿನಲ್ಲಿ ಮನೆ ಕಟ್ಟಿಸುವವರು ದುಬೈಯಲ್ಲಿರುತ್ತಾರೆ, ಕೋಟದ ಹಪ್ಪಳವನ್ನು ತರಿಸಿಕೊಳ್ಳುವವರು ಹುಬ್ಬಳ್ಳಿಯಲ್ಲಿರುತ್ತಾರೆ, ಬೋಟಿನ ಎಂಜಿನ್ ಮಾರುವ ಕಂಪನಿಯ ಹುಡುಗ ತಿಂಗಳಿಗೊಂದು ಊರು ಬದಲಿಸುತ್ತಾನೆ. ಮಾತಿನ ಅಭ್ಯಾಸ ಮಾತ್ರ ಹಳೆಯದೇ ಉಳಿದಿದೆ. ನನ್ನ ಮಟ್ಟಿಗೆ ಸ್ಪಷ್ಟ ಬರಹದ ಅಳತೆ ಒಂದೇ: ಓದಿದವರು ತಿರುಗಿ ಫೋನ್ ಮಾಡದೆ ಕೆಲಸ ಶುರುಮಾಡಬೇಕು.

ಅಳತೆಯ ಗೊಂದಲ

ನಮ್ಮ ಕಡೆಯ ತಕರಾರುಗಳಲ್ಲಿ ದೊಡ್ಡ ಪಾಲು ಅಳತೆಯದು. ಮರಳು, ಜಲ್ಲಿಯ ವ್ಯಾಪಾರದಲ್ಲಿ ಒಂದು ಯೂನಿಟ್ ಎಂದರೆ 100 ಘನ ಅಡಿ. ಅದು ಅಳತೆ. 'ಲೋಡ್' ಅಳತೆಯಲ್ಲ, ಗಾಡಿ ಇದ್ದಷ್ಟು. ಮುಡಿ ಅಕ್ಕಿಯೂ ಹಾಗೆಯೇ, ಒಂದು ಕಡೆಯ ಮುಡಿಗೂ ಇನ್ನೊಂದು ಕಡೆಯ ಮುಡಿಗೂ ಸೇರಿನ ಲೆಕ್ಕ ಬೇರೆ. ಹಳಬರೊಳಗೆ ನಡೆಯಬಹುದು, ಬಿಲ್ಲಿನಲ್ಲಿ ಕಿಲೋ ಬರೆಯಿರಿ.

ಜಾಗದ ವಿಷಯ ಬಂದಾಗ ಇನ್ನೂ ಎಚ್ಚರ ಬೇಕು. 1956ರವರೆಗೆ ನಮ್ಮ ಊರುಗಳು ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಇಲ್ಲಿ ಇಂದಿಗೂ ಸೆಂಟ್ಸ್ ಲೆಕ್ಕ. ಘಟ್ಟ ಹತ್ತಿದರೆ ಗುಂಟೆ. ಒಂದು ಎಕರೆಗೆ 100 ಸೆಂಟ್ಸ್, ಅದೇ ಎಕರೆಗೆ 40 ಗುಂಟೆ. ಅಂದರೆ ಒಂದು ಗುಂಟೆ ಎರಡೂವರೆ ಸೆಂಟ್ಸ್‌ಗೆ ಸಮ. ಶಿವಮೊಗ್ಗದ ಕಡೆಯವರಿಗೆ "ಹತ್ತು ಇದೆ" ಎಂದಷ್ಟೇ ಹೇಳಿದರೆ ಅವರ ತಲೆಯಲ್ಲಿ 25 ಸೆಂಟ್ಸ್ ಕುಳಿತಿರುತ್ತದೆ. ಎರಡನ್ನೂ ಬರೆದುಬಿಡಿ: "10 ಸೆಂಟ್ಸ್, ಅಂದರೆ 4 ಗುಂಟೆ, ಅಂದರೆ 4,356 ಚದರ ಅಡಿ."

ಮದುವೆ ಊಟ ವಹಿಸಿಕೊಳ್ಳುವ ಅಡುಗೆಯವರಿಗೂ ಇದೇ ಮಾತು. "500 ಜನಕ್ಕೆ" ಎಂದು ಒಪ್ಪಿಕೊಂಡ ಮೇಲೆ 430 ಜನ ಬಂದರೆ ಹಣ ಯಾವ ಲೆಕ್ಕದಲ್ಲಿ? 560 ಬಂದರೆ? ಎಲೆ ಲೆಕ್ಕವೋ, ತಟ್ಟೆ ಲೆಕ್ಕವೋ, ಬಡಿಸುವವರ ಊಟ ಸೇರಿಯೋ? ಮುಂಗಡ ತೆಗೆದುಕೊಳ್ಳುವ ದಿನವೇ ಎರಡು ಸಾಲು ಬರೆದು ಕಳುಹಿಸಿ: "ಕಡಿಮೆ ಬಂದರೂ 450 ಊಟದ ಹಣ ಕೊಡಬೇಕು. ಹೆಚ್ಚಾದರೆ ಎಲೆ ಎಣಿಸಿ, ಎಲೆಯೊಂದಕ್ಕೆ ಇಷ್ಟು." ಬರೆದರೆ ಅಪನಂಬಿಕೆ ತೋರಿಸಿದಂತಾಗುತ್ತದೆ ಎಂಬ ಸಂಕೋಚ ನಮ್ಮವರಿಗೆ ಬಹಳ. ಮದುವೆ ಮಂಟಪದ ಹಿಂದೆ ನಿಂತು ಎಲೆ ಎಣಿಸುತ್ತ ವಾದಿಸುವುದಕ್ಕಿಂತ ಅದು ಎಷ್ಟೋ ಮರ್ಯಾದೆಯ ಕೆಲಸ.

'ಹಬ್ಬ ಕಳ್ದ್ ಕೊಡ್ತೆ'

ಯಾವ ಹಬ್ಬ? ಕೋಟೇಶ್ವರದ ಕೊಡಿ ಹಬ್ಬವೇ? ಅದು ವೃಶ್ಚಿಕ ಮಾಸದ ಹುಣ್ಣಿಮೆಗೆ ಬರುತ್ತದೆ, ಒಂದು ವರ್ಷ ನವೆಂಬರಿನಲ್ಲಿ, ಇನ್ನೊಂದು ವರ್ಷ ಡಿಸೆಂಬರಿನಲ್ಲಿ. 'ಕಳ್ದ್' ಅಂದರೆ ಮರುದಿನವೋ, ಮರುತಿಂಗಳೋ? "ಬೋಟ್ ಇಳಿದ ಮೇಲೆ ಕೊಡ್ತೆ" ಎಂಬುದೂ ಹೀಗೆಯೇ. ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುವುದು ಎಲ್ಲರಿಗೂ ಗೊತ್ತು. ಆದರೆ ಆಗಸ್ಟ್ 1ಕ್ಕೆ ಕಡಲು ಶಾಂತವಾಗಿರಬೇಕೆಂದೇನಿಲ್ಲ, ಇಳಿದ ಮೊದಲ ದಿನವೇ ಮೀನು ಸಿಗಬೇಕೆಂದೂ ಇಲ್ಲ. ಹಾಗಾಗಿ ಬಲೆ ಅಂಗಡಿಯವರು ಆಗಸ್ಟ್ ಎರಡನೆಯ ವಾರದಿಂದ ಕಾಯುತ್ತಾರೆ, ಬೋಟಿನವರು ಸೆಪ್ಟೆಂಬರ್ ಎಂದುಕೊಂಡಿರುತ್ತಾರೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ.

ತಾರೀಕು ಹೇಳಲು ಆಗದಿದ್ದರೆ ತಾರೀಕು ಹೇಳುವ ತಾರೀಕನ್ನಾದರೂ ಹೇಳಬಹುದು. "ಮೊದಲ ಟ್ರಿಪ್ ನೋಡಿ ಆಗಸ್ಟ್ 20ಕ್ಕೆ ನಾನೇ ಫೋನ್ ಮಾಡಿ, ಎಷ್ಟು, ಯಾವಾಗ ಎಂದು ಹೇಳುತ್ತೇನೆ." ಕಾಯುವವರಿಗೆ ಇದು ಸಾಕು. ತಾರೀಕಿನ ಜೊತೆ ವಾರವನ್ನೂ ಸೇರಿಸಿದರೆ ಒಂದು ತಪ್ಪಿದರೂ ಇನ್ನೊಂದು ಹಿಡಿದುಕೊಡುತ್ತದೆ.

ನಮ್ಮ 'ಕಾಂಬ', ಅಂದರೆ 'ನೋಡೋಣ', ಕೂಡ ಇದೇ ಜಾತಿಯದು. ಅರ್ಧಕ್ಕರ್ಧ ಸಲ ಅದರ ಅರ್ಥ 'ಆಗುವುದಿಲ್ಲ' ಎಂದೇ. ಊರಿನವರಿಗೆ ಹೇಳುವ ಧಾಟಿಯಲ್ಲೇ ತಿಳಿಯುತ್ತದೆ. ಮೆಸೇಜಿಗೆ ಧಾಟಿ ಇಲ್ಲ. ಹೊರಗಿನ ಗ್ರಾಹಕ ಅದನ್ನು ಒಪ್ಪಿಗೆ ಎಂದು ತಿಳಿದು ಟಿಕೆಟ್ ಮಾಡಿಸಿರುತ್ತಾನೆ. ಆಗದ ಕೆಲಸಕ್ಕೆ ಮೊದಲ ದಿನವೇ "ಈ ತಿಂಗಳು ಆಗುವುದಿಲ್ಲ, ಬೇರೆಯವರನ್ನು ನೋಡಿ" ಎಂದವರ ಹತ್ತಿರ ಗ್ರಾಹಕರು ಮತ್ತೆ ಬರುತ್ತಾರೆ.

ಬಾಕಿ ಕೇಳುವುದು

ಕಷ್ಟದ ಬರಹ ಇದು. ಕೇಳಿದರೆ ಸಂಬಂಧ ಹಾಳಾದೀತು, ಕೇಳದಿದ್ದರೆ ಅಂಗಡಿ ಹಾಳಾದೀತು. ಕೆಲವರು ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಸಿಟ್ಟು ನೆತ್ತಿಗೇರಿ ವ್ಯಾಪಾರಸ್ಥರ ಗುಂಪಿನಲ್ಲೇ "ಹಣ ತಿಂದ್ ಕೂತವರ್ ಉತ್ತರ ಕೊಡಿ" ಎಂದು ಹಾಕಿಬಿಡುತ್ತಾರೆ. ಹತ್ತು ಜನರೆದುರು ಮಾನ ಹೋದವರು ಕೊಡಬೇಕಾದ್ದನ್ನು ಕೊಡುವ ಮೊದಲು ಜಗಳ ಆಡುತ್ತಾರೆ. ಬಾಕಿಯನ್ನು ಕೇಳುವುದು ಯಾವತ್ತಿದ್ದರೂ ಒಬ್ಬರಿಗೆ, ನೇರವಾಗಿ, ಲೆಕ್ಕದೊಂದಿಗೆ. ಅಕ್ಕಿ ಮಿಲ್ಲಿನವರೊಬ್ಬರು ಹೋಟೆಲಿನವರಿಗೆ ಬರೆಯುವುದಾದರೆ ಹೀಗೆ ಬರೆಯಬಹುದು:

"ಶೆಟ್ರೇ, ನಮಸ್ಕಾರ. ಮಾರ್ಚ್ 3ಕ್ಕೆ ಕಳುಹಿಸಿದ 25 ಕಿಲೋದ 40 ಚೀಲ ಕುಚ್ಚಲಕ್ಕಿಯ ಬಿಲ್ ನಂಬರ್ 118, ಮೊತ್ತ ₹56,000. ಮಾರ್ಚ್ 10ಕ್ಕೆ ನಿಮ್ಮಿಂದ ₹30,000 ಬಂದಿದೆ. ಬಾಕಿ ₹26,000. ನಾವು ಮಾತಾಡಿದ 30 ದಿನ ಏಪ್ರಿಲ್ 2ಕ್ಕೆ ಮುಗಿದಿದೆ. ಏಪ್ರಿಲ್ 11, ಶನಿವಾರದ ಒಳಗೆ ಕಳುಹಿಸಿದರೆ ಉಪಕಾರ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಇವತ್ತೇ ಹೇಳಿ, ಬಿಲ್ಲಿನ ಫೋಟೋ ಕೆಳಗಿದೆ."

ಇದರಲ್ಲಿ ಬೈಗುಳವಿಲ್ಲ, ಗೋಗರೆಯುವುದೂ ಇಲ್ಲ. ಬಂದ ಹಣವನ್ನು ಮೊದಲು ಒಪ್ಪಿಕೊಂಡಿದೆ. ಅದನ್ನು ಬಿಟ್ಟರೆ ಎದುರಿನವರಿಗೆ ಉರಿಯುತ್ತದೆ. ವ್ಯತ್ಯಾಸ ಹೇಳಲು ಬಾಗಿಲು ತೆರೆದಿದೆ. 'ಶೆಟ್ರೇ', 'ಐತಾಳ್ರೇ', 'ಪೂಜಾರ್ರೇ' ಎಂದು ಎದುರಾದಾಗ ಕರೆಯುವಂತೆಯೇ ಕರೆದಿದೆ. ದಿನವೂ ಮುಖ ನೋಡುವವರಿಗೆ ಏಕಾಏಕಿ "ಮಾನ್ಯರೇ" ಎಂದು ಶುರುಮಾಡಿದರೆ ಆ ಕಡೆಯವರಿಗೆ ವಕೀಲರ ನೋಟಿಸ್ ಬಂದ ಹಾಗಾಗುತ್ತದೆ.

ಕೊಡಬೇಕಾದವರೂ ಓದಿ ಸುಮ್ಮನಾಗಬಾರದು. ನೀಲಿ ಗೆರೆ ಬಿದ್ದ ಮೇಲಿನ ಮೌನ ಬೇಡದ ಊಹೆಗಳಿಗೆಲ್ಲ ದಾರಿ. "ಈ ವಾರ ಪೂರ್ತಿ ಆತಿಲ್ಲೆ. 10,000 ಇವತ್ತ್ ಹಾಕ್ತೆ, ಉಳಿದ 16,000 ಏಪ್ರಿಲ್ 25ಕ್ಕೆ" ಎಂದರೆ ಮುಗಿಯಿತು.

ಬರೆಯುವುದಕ್ಕೆ ಕಾನೂನಿನ ಕಾರಣವೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಅಥವಾ ಸೇವೆ ಪಡೆದವರು, ಹಣ ಕೊಡುವ ದಿನದ ಬಗ್ಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ, 15 ದಿನದಲ್ಲಿ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಮಾಲಿನಲ್ಲಿ ದೋಷವಿದೆ ಎನ್ನುವವರು ಅದನ್ನು ಮಾಲು ತಲುಪಿದ 15 ದಿನದೊಳಗೆ ಬರಹದಲ್ಲೇ ಹೇಳಬೇಕು. "ನಾನ್ ಆಗ್ಲೇ ಫೋನ್‌ನಲ್ಲ್ ಹೇಳಿದ್ದೆ" ಎಂಬುದು ಅಲ್ಲಿ ನಿಲ್ಲುವುದಿಲ್ಲ. ಉದ್ಯಮ್ ನೋಂದಣಿ ಮಾಡಿಸಿದ್ದರೆ ಈ ಹಕ್ಕು ಕೇಳುವುದು ಸುಲಭ. ನೋಂದಣಿಗೆ ಶುಲ್ಕವಿಲ್ಲ, ಮಾಡಿಸಿಕೊಡುತ್ತೇವೆಂದು ಸಾವಿರಗಟ್ಟಲೆ ಕೇಳುವವರಿಂದ ದೂರವಿರಿ. ಬೇರೆಯವರಿಂದ ಕೊಂಡು ಮಾರುವ ಬರೀ ವ್ಯಾಪಾರಿಗಳಿಗೆ ಮಾತ್ರ ವಿಳಂಬ ಪಾವತಿಯ ಈ ರಕ್ಷಣೆ ಸಿಗುವುದಿಲ್ಲ.

ಹಣದ ವಿಷಯದಲ್ಲಿ ಸ್ಪಷ್ಟತೆ ನಮ್ಮ ಜಿಲ್ಲೆಗೆ ಹೊಸತೇನಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರು ಮನೆ ಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಮಾತ್ರ ಸೊಸೈಟಿಗಳಲ್ಲಿ ಇನ್ನೂ ನಡೆಯುತ್ತಿದೆ. ಕೈಯಂತ್ರದಿಂದ ಹರಿದು ಕೊಡುವ ಆ ಬೆರಳುದ್ದದ ಚೀಟಿಯನ್ನು ಒಮ್ಮೆ ನೋಡಿ: ಹೆಸರು, ಖಾತೆ ಸಂಖ್ಯೆ, ಇವತ್ತಿನ ಜಮೆ, ಈವರೆಗಿನ ಒಟ್ಟು, ದಿನಾಂಕ. ಒಂದು ಪದ ಹೆಚ್ಚಿಲ್ಲ. ಮೀನು ಮಾರುವ ಹೆಂಗಸಿನಿಂದ ಹಿಡಿದು ಚಿನ್ನದಂಗಡಿಯವರವರೆಗೆ ಎಲ್ಲರಿಗೂ ಅರ್ಥವಾಗುತ್ತದೆ.

ಬೋರ್ಡು, ಲೇಬಲ್ಲು, ಬ್ಯಾಂಕಿನ ಕಾಗದ

ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ತುರ್ತುಪರಿಸ್ಥಿತಿಯಲ್ಲಿ ಸರಕಾರ ತಿಂಡಿಗಳ ಬೆಲೆಯನ್ನು ತೀರಾ ಕೆಳಗಿಳಿಸಿದಾಗ ಅವರು ಗುಣಮಟ್ಟ ಇಳಿಸದೆ ಅದೇ ಬೆಲೆಗೆ ಕೊಟ್ಟು, ಹಿಂದಿನ ದಿನ ಎಷ್ಟು ನಷ್ಟವಾಯಿತೆಂದು ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದರು. ಕೊನೆಗೆ ಹೋಟೆಲನ್ನು ಸ್ವಲ್ಪ ಕಾಲ ಮುಚ್ಚಬೇಕಾಯಿತು. ಏಕೆ ಮುಚ್ಚಿದರೆಂದು ಗಿರಾಕಿಗಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆಡಳಿತವನ್ನು ಬೈಯುವ ಭಾಷಣಕ್ಕಿಂತ ಆ ಅಂಕಿ ಚೆನ್ನಾಗಿ ಮಾತಾಡಿತ್ತು.

ನಮ್ಮ ಮೀನೂಟದ ಹೋಟೆಲುಗಳು ಇದರಿಂದ ಒಂದು ಪಾಠ ಕಲಿಯಬಹುದು. ಮೆನುವಿನಲ್ಲಿ ಅಂಜಲ್, ಪಾಂಫ್ರೆಟ್‌ಗಳ ಎದುರು 'ಸೀಸನ್ ದರ' ಎಂದು ಬರೆದು, ತಿಂದು ಕೈ ತೊಳೆದ ಮೇಲೆ ಬಿಲ್ಲಿನಲ್ಲಿ ಗಾಬರಿ ಹುಟ್ಟಿಸುವ ಪದ್ಧತಿ ಬೇಡ. ಮೀನಿನ ದರ ದಿನವೂ ಏರಿಳಿಯುತ್ತದೆ, ನಿಜ. ಹಾಗಾದರೆ ದಿನವೂ ಬೆಳಿಗ್ಗೆ ಕಪ್ಪು ಹಲಗೆಯಲ್ಲಿ ಬರೆಯಿರಿ: "ಇವತ್ತು ಅಂಜಲ್ ತವಾ ಫ್ರೈ, ತುಂಡಿಗೆ ಇಷ್ಟು." ಹೆದ್ದಾರಿಯಲ್ಲಿ ಬಂದ ಪ್ರವಾಸಿಗರು ಊರಿನ ಹೆಸರು ಹಿಡಿದೇ ಬೈದು ಹೋಗುವುದು ತಪ್ಪುತ್ತದೆ.

ಅಂಗಡಿಯ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ, ಇರಬೇಕೆಂದು ರಾಜ್ಯದ ಕಾನೂನಿನ 2024ರ ತಿದ್ದುಪಡಿ ಹೇಳುತ್ತದೆ. ಹೆಚ್ಚಿನವರು ಮಾಡಿಸಿದ್ದಾರೆ. ಆದರೆ ಇಂಗ್ಲಿಷ್ ಹೆಸರನ್ನು ಮೊಬೈಲಿನ ಅನುವಾದಕ್ಕೆ ಕೊಟ್ಟು ಬಂದದ್ದನ್ನು ಹಾಗೇ ಬರೆಸಿದರೆ ನಗೆಪಾಟಲು. ಬರೆಸುವ ಮೊದಲು ಶಾಲೆಯ ಕನ್ನಡ ಮೇಷ್ಟ್ರಿಗೋ ಟೀಚರಿಗೋ ತೋರಿಸಿ, ಚಹಾ ಕುಡಿಸಿದರೆ ಸಾಕು.

ಉಪ್ಪಿನಕಾಯಿ, ಹಪ್ಪಳ ಪೊಟ್ಟಣ ಮಾಡಿ ಮಾರುವ ಸ್ವಸಹಾಯ ಸಂಘದವರು ಗಮನಿಸಬೇಕಾದದ್ದು ಬೇರೆ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಲೇಬೇಕು, ಅದರ ಜೊತೆಗೆ ಕನ್ನಡ ಹಾಕಬಹುದು. ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಫೋನ್ ನಂಬರ್ ಬೇಕು. ತಿನ್ನುವ ವಸ್ತುವಾದ್ದರಿಂದ ಸಾಮಗ್ರಿಗಳ ಪಟ್ಟಿ, ಎಷ್ಟು ದಿನ ಬಾಳುತ್ತದೆ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಕೂಡ. 'ಅಜ್ಜಿಯ ಕೈರುಚಿ' ಎಂಬ ಸಾಲಿಗೆ ಜಾಗ ಉಳಿದರೆ ಆಮೇಲೆ ಹಾಕಿಕೊಳ್ಳಿ.

ಸಾಲದ ಕಾಗದದಲ್ಲಿ ನಾವು ಓದುವ ಕಡೆಯವರು. ಅಲ್ಲಿ ಸ್ಪಷ್ಟತೆ ಕೇಳಿ ಪಡೆಯುವುದು ನಮ್ಮ ಹಕ್ಕು. 2024ರ ಅಕ್ಟೋಬರ್ 1ರ ಬಳಿಕದ ಹೊಸ ಚಿಲ್ಲರೆ ಸಾಲ ಮತ್ತು ಸಣ್ಣ ಉದ್ದಿಮೆಯ ಅವಧಿ ಸಾಲಗಳಿಗೆ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಮುಖ್ಯ ವಿವರಗಳ ಪತ್ರವೊಂದನ್ನು ಕೊಡಲೇಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬುದು ಅದರಲ್ಲಿರುತ್ತದೆ. ಅದರಲ್ಲಿ ಹೇಳದ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಕನ್ನಡದಲ್ಲಿ ಕೊಡಿ ಎಂದು ಕೇಳಿ, ಓದಿ, ಆಮೇಲೆ ರುಜು ಹಾಕಿ.

ಯಾವ ಮಾತಿನಲ್ಲಿ?

ಬ್ರಹ್ಮಾವರ, ಬಾರ್ಕೂರಿನ ಪೇಟೆಯಲ್ಲಿ ತುಳು ಕೇಳುತ್ತದೆ, ಮಾಬುಕಳ ಸೇತುವೆ ದಾಟಿದರೆ ಕುಂದಾಪ್ರ ಕನ್ನಡ, ಗಂಗೊಳ್ಳಿ ಬಂದರಿನಲ್ಲಿ ಕೊಂಕಣಿ, ಶಿರೂರಿನಲ್ಲಿ ನವಾಯತಿ. ಕೌಂಟರಿನಲ್ಲಿ ಕುಳಿತವರು ಗಿರಾಕಿಯ ಮಾತಿಗೆ ಹೊರಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬರೆಯುವಾಗ ಮಾತ್ರ ಎಡವಟ್ಟಾಗುತ್ತದೆ. ಬಾಯಲ್ಲಿ ಅಷ್ಟು ಚೆಂದ ಮಾತಾಡುವವರು ಪತ್ರ ಬರೆಯಲು ಕುಳಿತರೆ "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರುಮಾಡಿ, ಮೂರನೆಯ ಸಾಲಿಗೆ ಬಂದರೂ ವಿಷಯ ಹೇಳಿರುವುದಿಲ್ಲ. ಕೋಟದ ಶಿವರಾಮ ಕಾರಂತರು ವಿಜ್ಞಾನವನ್ನೇ ಸಾಮಾನ್ಯ ಓದುಗರಿಗೆ ತಿಳಿಯುವ ಕನ್ನಡದಲ್ಲಿ ಸಂಪುಟಗಟ್ಟಲೆ ಬರೆದರು. ಸಿಮೆಂಟಿನ ದರ ಏರಿದ್ದನ್ನು ತಿಳಿಸಲು ನಮಗೆ ಕಚೇರಿ ಕನ್ನಡ ಏಕೆ?

ಕುಂದಾಪ್ರ ಕನ್ನಡದಲ್ಲೇ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಓದುವವರು ಊರಿನವರಾದರೆ ಧಾರಾಳವಾಗಿ ಬರೆಯಿರಿ, ಆಪ್ತತೆ ತಾನಾಗಿ ಬರುತ್ತದೆ. ಹೊರಗಿನವರಿಗಾದರೆ ಬೇಡ. ಯಾವ ಕನ್ನಡವಾದರೂ ಅಂಕಿ, ತಾರೀಕು, ಅಳತೆ ಮಾತ್ರ ಒಂದೇ ರೀತಿ ಇರಲಿ.

ಊರಲ್ಲಿಲ್ಲದ ಯಜಮಾನರಿಗೆ ಮನೆ ಕಟ್ಟಿಕೊಡುವ ಕಂಟ್ರಾಕ್ಟರುಗಳಿಗೆ ಕೊನೆಯದಾಗಿ ಒಂದು ಮಾತು. ಐದು ನಿಮಿಷದ ವಾಯ್ಸ್ ಮೆಸೇಜ್ ಕಳುಹಿಸುತ್ತೀರಿ. ಅದರಲ್ಲಿ ಮಳೆ, ಕೆಲಸದವರ ರಗಳೆ, ಮಗಳ ಮದುವೆ ಎಲ್ಲ ಇರುತ್ತದೆ. ನಾಲ್ಕನೆಯ ನಿಮಿಷದಲ್ಲೆಲ್ಲೋ "ಕಿಟಕಿ ಮರದ್ದಾ ಅಲ್ಯೂಮಿನಿಯಮ್ಮಾ ಹೇಳಿ" ಎಂಬ ಪ್ರಶ್ನೆ ಹುದುಗಿರುತ್ತದೆ. ಅಬುಧಾಬಿಯಲ್ಲಿ ಡ್ಯೂಟಿ ಮುಗಿಸಿ ಬಂದವರಿಗೆ ಅದು ಕೇಳಿಸಿಯೇ ಇರುವುದಿಲ್ಲ. ವಾಯ್ಸ್ ಕಳುಹಿಸಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ ಮೂರು ಸಾಲು ಬರೆಯಿರಿ: ಈ ವಾರ ಏನಾಯಿತು, ಎಷ್ಟು ಹಣ ಯಾವಾಗ ಬೇಕು, ನೀವು ಯಾವುದನ್ನು ಯಾವ ದಿನದೊಳಗೆ ತೀರ್ಮಾನಿಸಬೇಕು. ಕೆಟ್ಟ ಸುದ್ದಿ ಇದ್ದರೆ ಅದು ಮೊದಲ ಸಾಲಿನಲ್ಲಿರಲಿ. ಮಳೆಗೆ ಮುಂಚೆ ಸ್ಲ್ಯಾಬ್ ಆಗುವುದಿಲ್ಲ ಎಂಬುದು ಏಪ್ರಿಲ್‌ನಲ್ಲಿ ಗೊತ್ತಾದರೆ ಏಪ್ರಿಲ್‌ನಲ್ಲೇ ಹೇಳಿ. ಮೇ 30ಕ್ಕೆ ಹೇಳಿದರೆ ಅದೇ ಸುದ್ದಿ ಮೋಸದಂತೆ ಕೇಳಿಸುತ್ತದೆ.

ಬರೆದದ್ದನ್ನು ಕಾಪಾಡಿಕೊಳ್ಳುವುದನ್ನೂ ಮರೆಯಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ, ಕ್ರಮಬದ್ಧ ಪ್ರಮಾಣಪತ್ರದೊಂದಿಗೆ ಒದಗಿಸಿದರೆ ಮೊಬೈಲಿನ ಸಂದೇಶಗಳೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತವೆ. ಹೊಸ ಫೋನ್ ಕೊಂಡಾಗ ಹಳೆಯದನ್ನು ಅಂಗಡಿಗೆ ಕೊಡುವ ಮೊದಲು ವ್ಯವಹಾರದ ಮೆಸೇಜುಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ, 'ಡಿಲೀಟ್ ಫಾರ್ ಎವ್ರಿವನ್' ಒತ್ತುವ ಅಭ್ಯಾಸವನ್ನು ವ್ಯಾಪಾರದ ಮಾತುಕತೆಯಲ್ಲಿ ಬಿಟ್ಟುಬಿಡಿ.